ಮನೆಮಾತು, ಶಾಲೆಮಾತು, ಸರಕಾರದ ಮಾತು

(ಕನ್ನಡ ರಾಜ್ಯೋತ್ಸವದ ಸಲುವಾಗಿ ಕಕ್ಕಿಂಜೆಯಲ್ಲಿ ಏರ್ಪಟ್ಟ ಸಭೆಯೊಂದರಲ್ಲಿ ನಮ್ಮ ವರದಿಗಾರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಈ ಸಭೆಯ ವ್ಯವಸ್ಥಾಪಕರು ಫೋನ್ ಮಾಡಿದಾಗ ‘ಕನ್ನಡದ ಹಿರಿಮೆ’ಯ ಬಗ್ಗೆ ಅರ್ಧ ಗಂಟೆ ಮಾತನಾಡಬೇಕು ಎಂದಿದ್ದರು. ಒಪ್ಪಿಕೊಂಡಿದ್ದೆ. ಆದರೆ ಇವತ್ತು ಬಸ್ಸಿಳಿದು, ಸಭೆಗೆ ಇನ್ನೂ ಸಮಯವಿದೆಯೆಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತಾಗ ನನ್ನ ಟಿಪ್ಪಣಿಗಳೆಲ್ಲ ಅಪ್ರಯೋಜಕವಾದವು. ಎದುರಿನ ಬೆಂಚಿನವರು ತುಳುವಿನಲ್ಲಿ ಅಡಿಕೆಯ ಧಾರಣೆಯನ್ನು ಚರ್ಚಿಸುತ್ತಿದ್ದರು. ಗಲ್ಲಾದಲ್ಲಿದ್ದವರು ಬ್ಯಾರಿಯಲ್ಲಿ ಒಳಗಿನ ಹುಡುಗನನ್ನು ಗದರಿಸುತ್ತಿದ್ದರು. ಹೊರಗೆ ಜೀಪಿನ ಬಳಿ ರಬ್ಬರ್ ಶೀಟು ತಂದವರು ಮಲಯಾಳದಲ್ಲಿ ಲೆಕ್ಕ ಹೇಳುತ್ತಿದ್ದರು. ಒಬ್ಬ ತಾಯಿ ಮಗುವಿಗೆ ಕೊಂಕಣಿಯಲ್ಲಿ ಸಮಾಧಾನ ಹೇಳುತ್ತಿದ್ದರು. ಇಲ್ಲಿಂದ ನಾಲ್ಕು ಹೆಜ್ಜೆ ಮುಂಡಾಜೆಯ ಕಡೆ ಹೋದರೆ ಚಿತ್ಪಾವನರ ಮನೆಗಳಲ್ಲಿ ಇನ್ನೊಂದೇ ಮಾತು. ಕನ್ನಡ ಎಲ್ಲಿತ್ತು ಎಂದು ಕೇಳಿದರೆ, ಅದು ಗೋಡೆಯ ಮೇಲಿತ್ತು. ತಿಂಡಿಯ ದರಪಟ್ಟಿಯಲ್ಲಿ, ಮೇಜಿನ ಮೇಲಿದ್ದ ಪತ್ರಿಕೆಯಲ್ಲಿ, ರಾಜ್ಯೋತ್ಸವದ ಬ್ಯಾನರಿನಲ್ಲಿ. ಬೇರೆ ಬೇರೆ ಬೆಂಚಿನವರು ಒಬ್ಬರೊಡನೊಬ್ಬರು ಮಾತನಾಡಬೇಕಾದಾಗ ತುಳು ಬರುತ್ತಿತ್ತು, ಬರೆದದ್ದನ್ನು ಓದಬೇಕಾದಾಗ ಕನ್ನಡ.

ಇದನ್ನು ಕನ್ನಡದ ಕೊರತೆಯೆಂದು ಹೇಳುತ್ತಿಲ್ಲ. ಈ ಕರಾವಳಿಯಲ್ಲಿ ಕನ್ನಡ ಬಾಳುವ ರೀತಿಯೇ ಹಾಗೆ. ಮನೆಗೊಂದು ಮಾತು, ಪೇಟೆಗೊಂದು ಮಾತು, ಪುಸ್ತಕಕ್ಕೊಂದು ಮಾತು. ಮೂರರ ನಡುವೆ ನಾವು ದಿನಕ್ಕೆ ನೂರು ಸಲ ಹೋಗಿ ಬರುತ್ತೇವೆ. ದಾಟಿದ್ದೇ ನಮಗೆ ಗೊತ್ತಾಗುವುದಿಲ್ಲ. ತೊಂದರೆ ಶುರುವಾಗುವುದು ಸರಕಾರ ಬಂದು, ‘ಇವುಗಳಲ್ಲಿ ನಿಮ್ಮದು ಯಾವುದು? ಒಂದನ್ನು ಹೇಳಿ’ ಎಂದು ಕೇಳಿದಾಗ. ಆ ಪ್ರಶ್ನೆಗೆ ಸಿಕ್ಕಿ ಎಪ್ಪತ್ತು ವರ್ಷಗಳಿಂದ ಉತ್ತರ ಕೊಡುತ್ತಲೇ ಇರುವ ಊರೊಂದು ನಮ್ಮ ಪಕ್ಕದಲ್ಲೇ ಇದೆ. ನಾವು ಹಬ್ಬ ಆಚರಿಸುವ ಈ ನವೆಂಬರ್ 1ರಂದೇ, 1956ರಲ್ಲಿ, ಅದು ನಮ್ಮ ಜಿಲ್ಲೆಯಿಂದ ಹೊರಗೆ ಹೋಯಿತು. ಇವತ್ತು ಆ ಕಾಸರಗೋಡಿನ ಬಗ್ಗೆ ಮಾತನಾಡಲು ಅಪ್ಪಣೆ ಬೇಡುತ್ತೇನೆ.

ಅಜ್ಜಿಯ ಉತ್ತರ

ಮೊದಲು ನನ್ನ ಮನೆಯ ಒಂದು ಪ್ರಸಂಗ. ನನ್ನ ಅಜ್ಜಿಯ ತವರು ಬದಿಯಡ್ಕದ ಕಡೆ. ಮದುವೆಯಾಗಿ ಬೆಳ್ತಂಗಡಿ ತಾಲೂಕಿಗೆ ಬಂದವರು. 2011ರ ಜನಗಣತಿಯ ವೇಳೆ ನಾನು ಏಳನೆಯ ತರಗತಿಯಲ್ಲಿದ್ದೆ. ಗಣತಿಗೆ ಬಂದವರು ನಮ್ಮ ಊರಿನ ಶಾಲೆಯ ಮಾಷ್ಟ್ರೇ. ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಒಂದೊಂದೇ ಕಲಂ ತುಂಬುತ್ತ ಮಾತೃಭಾಷೆಯ ಪ್ರಶ್ನೆಗೆ ಬಂದರು. ಅಜ್ಜ ಒಳಗಿನಿಂದಲೇ ‘ಕನ್ನಡ ಬರೆಯಿರಿ’ ಎಂದರು. ಅಜ್ಜಿ ಬಿಡಲಿಲ್ಲ. ‘ಮಾತಾಡುವುದು ತುಳು ಮಾಷ್ಟ್ರೇ. ರಾಮಾಯಣ ಓದುವುದು ಕನ್ನಡ. ತವರಲ್ಲಿ ಮೀನಿನವನ ಹತ್ತಿರ ಮಲಯಾಳ. ನಿಮಗೆ ಯಾವುದು ಬೇಕೋ ಬರಕೊಳ್ಳಿ’ ಎಂದರು. ಇದನ್ನು ಹೇಳಿದ್ದು ತುಳುವಿನಲ್ಲಿ. ಮಾಷ್ಟ್ರು ನಕ್ಕು ಏನೋ ಬರೆದುಕೊಂಡರು. ಏನು ಬರೆದರೆಂದು ನಾವು ನೋಡಲಿಲ್ಲ.

ಗಣತಿಯ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಜಾಗ, ಗೊತ್ತಿರುವ ಬೇರೆ ಭಾಷೆಗಳಿಗೆ ಎರಡು ಜಾಗ. ಅಜ್ಜಿಯ ಮೂರು ಮಾತೂ ಅದರಲ್ಲಿ ಹಿಡಿಯುತ್ತಿತ್ತು. ಆದರೆ ರಾಜ್ಯಗಳ ಗಡಿ ಎಳೆಯುವವರು, ಸವಲತ್ತು ಹಂಚುವವರು ನೋಡುವುದು ಮೊದಲನೆಯ ಜಾಗವನ್ನು ಮಾತ್ರ. 2011ರ ಗಣತಿಯಲ್ಲಿ ದೇಶದಾದ್ಯಂತ ತುಳು ತಮ್ಮ ಮಾತೃಭಾಷೆಯೆಂದವರು 18 ಲಕ್ಷ 46 ಸಾವಿರ. ಇವರಲ್ಲಿ ಎಷ್ಟು ಜನ ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಸಹಿ ಹಾಕುತ್ತಾರೆ ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ. ಕಾಸರಗೋಡಿನ ವ್ಯಾಜ್ಯದ ಗಂಟು ಇರುವುದು ಇಲ್ಲಿಯೇ.

ಬೆಲ್ಜಿಯಂ ಎಂಬ ಕನ್ನಡಿ

ಇಂಥ ಗಂಟು ನಮಗೆ ಮಾತ್ರ ಬಿದ್ದದ್ದಲ್ಲ. ಯುರೋಪಿನ ಬೆಲ್ಜಿಯಂ ಎಂಬ ದೇಶ ಕರ್ನಾಟಕದ ಆರನೇ ಒಂದು ಪಾಲಿಗಿಂತಲೂ ಕಿರಿದು. ಉತ್ತರದಲ್ಲಿ ಡಚ್ ಮಾತನಾಡುವ ಫ್ಲೆಮಿಶ್ ಜನ, ದಕ್ಷಿಣದಲ್ಲಿ ಫ್ರೆಂಚ್ ಮಾತನಾಡುವ ವಾಲೂನ್ ಜನ. ನಡುವೆ ರಾಜಧಾನಿ ಬ್ರಸೆಲ್ಸ್. ಅಲ್ಲಿ ಎರಡೂ ಭಾಷೆ. 1830ರಲ್ಲಿ ದೇಶ ಸ್ವತಂತ್ರವಾದಾಗ ಆಡಳಿತ, ನ್ಯಾಯಾಲಯ, ಸೈನ್ಯ, ಉನ್ನತ ಶಿಕ್ಷಣ ಎಲ್ಲವೂ ಫ್ರೆಂಚ್. ಡಚ್ ಮಾತನಾಡುವವರೇ ಹೆಚ್ಚಿದ್ದರೂ ಅವರ ಭಾಷೆ ಹೊಲಕ್ಕೆ, ಅಡುಗೆಮನೆಗೆ. ಡಚ್ಚಿನಲ್ಲಿ ಬರೆದ ಕಾನೂನಿಗೂ ಫ್ರೆಂಚಿನಷ್ಟೇ ಮಾನ್ಯತೆ ಎಂದಾದದ್ದು 1898ರಲ್ಲಿ. ಫ್ಲೆಮಿಶ್ ನಾಡಿನ ನಡುವೆಯೇ ಇರುವ ಘೆಂಟ್ ವಿಶ್ವವಿದ್ಯಾನಿಲಯ ಡಚ್ಚಿನಲ್ಲಿ ಕಲಿಸತೊಡಗಿದ್ದು 1930ರಲ್ಲಿ.

1932ರಲ್ಲಿ ಅವರು ಒಂದು ಕಾನೂನು ಮಾಡಿದರು. ಜನಗಣತಿಯಲ್ಲಿ ಒಂದು ಊರಿನ ಹೆಚ್ಚಿನ ಜನ ಯಾವ ಭಾಷೆ ಹೇಳುತ್ತಾರೋ ಅದು ಆ ಊರಿನ ಆಡಳಿತ ಭಾಷೆ. ಇನ್ನೊಂದು ಭಾಷೆಯವರು ನೂರಕ್ಕೆ ಮೂವತ್ತು ಇದ್ದರೆ ಅವರಿಗೂ ಅವರ ಭಾಷೆಯಲ್ಲಿ ಸೇವೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇದರಿಂದ ಜನಗಣತಿ ಚುನಾವಣೆಯಾಯಿತು. ‘ನೀವು ಯಾವ ಭಾಷೆ ಮಾತನಾಡುತ್ತೀರಿ?’ ಎಂದು ಕೇಳಿದರೆ ಜನ ‘ಯಾವ ಕಡೆ ಇರಲು ನಮಗಿಷ್ಟ’ ಎಂಬುದಕ್ಕೆ ಉತ್ತರ ಬರೆಯತೊಡಗಿದರು. 1947ರ ಗಣತಿಯ ಭಾಷಾ ಅಂಕಿಗಳನ್ನು ಹೊರಗೆಡಹಲು ಸರಕಾರವೇ ಹೆದರಿ, ಅವು ಪ್ರಕಟವಾದದ್ದು 1954ರಲ್ಲಿ. ಮುಂದಿನ ಗಣತಿಯ ಹೊತ್ತಿಗೆ ಭಾಷೆಯ ಪ್ರಶ್ನೆಯಿದ್ದ ನಮೂನೆ ಹಂಚಲು ಫ್ಲೆಮಿಶ್ ಊರುಗಳ ಮೇಯರುಗಳು ನಿರಾಕರಿಸಿದರು. ಕಡೆಗೆ 1961ರಲ್ಲಿ ಆ ಪ್ರಶ್ನೆಯನ್ನೇ ಗಣತಿಯಿಂದ ತೆಗೆದುಹಾಕಿ, 1962-63ರಲ್ಲಿ ಭಾಷಾ ಗಡಿಯನ್ನು ಕಾಯಂ ಮಾಡಿದರು. ಇವತ್ತಿಗೂ ಬೆಲ್ಜಿಯಂನಲ್ಲಿ ಡಚ್ ಎಷ್ಟು ಜನ, ಫ್ರೆಂಚ್ ಎಷ್ಟು ಜನ ಎಂಬುದಕ್ಕೆ ಗಣತಿಯ ಲೆಕ್ಕವಿಲ್ಲ.

ಗೆರೆ ಎಳೆದ ಮೇಲೆ ಎಲ್ಲಿ ಉರಿಯಿತು ನೋಡಿ. ವೂರೆನ್ ಎಂಬ ಆರು ಹಳ್ಳಿಗಳ ಗುಂಪು. ಜನಸಂಖ್ಯೆ ನಮ್ಮ ಒಂದು ಗ್ರಾಮ ಪಂಚಾಯತಿನಷ್ಟು. ಅದನ್ನು ಫ್ರೆಂಚ್ ಪ್ರಾಂತವಾದ ಲೀಜ್‌ನಿಂದ ತೆಗೆದು ಡಚ್ ಪ್ರಾಂತವಾದ ಲಿಂಬರ್ಗ್‌ಗೆ ಸೇರಿಸಿದರು. ಅಲ್ಲಿನ ಜನ ಮನೆಯಲ್ಲಿ ಆಡುತ್ತಿದ್ದದ್ದು ಪುಸ್ತಕದ ಡಚ್ಚೂ ಅಲ್ಲ, ಫ್ರೆಂಚೂ ಅಲ್ಲ. ಡಚ್ಚಿಗೆ ಹತ್ತಿರದ ಒಂದು ಊರುಮಾತು. ಆದರೆ ಪೇಟೆ, ಕೆಲಸ, ವ್ಯವಹಾರ ಎಲ್ಲ ಲೀಜ್‌ನ ಕಡೆ. ಆಡುಮಾತನ್ನು ನೋಡಿ ಸರಕಾರ ಒಂದು ಕಡೆ ಹಾಕಿತು, ಬದುಕನ್ನು ನೋಡಿ ಹಲವರು ಇನ್ನೊಂದು ಕಡೆ ಇರಬೇಕೆಂದರು. 1980ರ ದಶಕದಲ್ಲಿ ಅಲ್ಲಿ ಮೇಯರಾದ ಜೋಸೆ ಅಪ್ಪಾರ್ ಎಂಬಾತ ಡಚ್ ಪರೀಕ್ಷೆಗೆ ಕೂರುವುದಿಲ್ಲ ಎಂದು ಹಟ ಹಿಡಿದ. ಆ ಜಗಳದಲ್ಲಿ 1987ರಲ್ಲಿ ದೇಶದ ಸರಕಾರವೇ ಬಿತ್ತು. ಅದಕ್ಕೂ ಮೊದಲು, 1968ರಲ್ಲಿ, ಲೂವೆನ್‌ನ ಪುರಾತನ ವಿಶ್ವವಿದ್ಯಾನಿಲಯ ಭಾಷೆಯ ಮೇಲೆ ಒಡೆದು ಎರಡಾಗಿ, ಆಗಲೂ ಸರಕಾರ ಬಿದ್ದಿತ್ತು. ಅಲ್ಲಿನ ಗ್ರಂಥಾಲಯವನ್ನು ಪಾಲು ಮಾಡುವಾಗ ಬಹುಪಾಲು ಪುಸ್ತಕಗಳನ್ನು ಸಮಸಂಖ್ಯೆಯವು ಒಬ್ಬರಿಗೆ, ಬೆಸಸಂಖ್ಯೆಯವು ಇನ್ನೊಬ್ಬರಿಗೆ ಎಂದು ಹಂಚಿದರು. ಹಿಸ್ಸೆಯಾಗುವಾಗ ಅಣ್ಣತಮ್ಮಂದಿರು ಒಂದೇ ಜೋಡಿಯ ಎರಡು ಹಿತ್ತಾಳೆ ಚೆಂಬನ್ನು ಒಂದೊಂದು ಹೊತ್ತುಕೊಂಡು ಹೋಗುವುದನ್ನು ಇಲ್ಲಿನ ಹಿರಿಯರು ಕಂಡಿರಬಹುದು.

ಇಷ್ಟಾದರೂ ಆ ದೇಶ ಒಡೆಯಲಿಲ್ಲ, ಯುದ್ಧವಾಗಲಿಲ್ಲ. ಪೂರ್ವದ ಅಂಚಿನಲ್ಲಿ ಜರ್ಮನ್ ಮಾತನಾಡುವ ಸುಮಾರು 80 ಸಾವಿರ ಜನರಿದ್ದಾರೆ. ಅವರಿಗೆ ಅವರದೇ ಒಂದು ಶಾಸನಸಭೆ, ಅವರದೇ ಒಂದು ಸರಕಾರವಿದೆ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ತಾಲೂಕೋ, ನದಿಯೋ?

ಈಗ ಊರಿಗೆ ಬರೋಣ. ಬ್ರಿಟಿಷರ ಕಾಲದಿಂದ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲೆಯೇ ಮದರಾಸು ಪ್ರಾಂತದಲ್ಲಿತ್ತು. 1953ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಫಜಲ್ ಅಲಿ ಅಧ್ಯಕ್ಷರು. ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಸದಸ್ಯರು. 1955ರಲ್ಲಿ ಬಂದ ವರದಿ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಕೊಡಬೇಕೆಂದಿತು. ತಾಲೂಕಿನಲ್ಲಿ ಮಲಯಾಳ ಮಾತನಾಡುವವರೇ ಬಹುಸಂಖ್ಯಾತರು ಎಂಬುದು ಮುಖ್ಯ ಕಾರಣ.

ಪಣಿಕ್ಕರ್ ಮಲಯಾಳಿ, ಅದಕ್ಕೇ ಹೀಗಾಯಿತು ಎಂಬ ಮಾತನ್ನು ಕಾಸರಗೋಡಿನ ಹಿರಿಯರ ಬಾಯಲ್ಲಿ ಇಂದಿಗೂ ಕೇಳುತ್ತೇವೆ. ಆ ವರದಿಗೆ ಪಣಿಕ್ಕರ್ ಪ್ರತ್ಯೇಕ ಟಿಪ್ಪಣಿ ಬರೆದದ್ದು ಉತ್ತರ ಪ್ರದೇಶದ ಬಗ್ಗೆ. ಕಾಸರಗೋಡಿನ ಶಿಫಾರಸು ಮೂವರದ್ದೂ. ನನ್ನ ಮಟ್ಟಿಗೆ, ವ್ಯಕ್ತಿಯ ಮೇಲೆ ತಪ್ಪು ಹೊರಿಸುವುದರಿಂದ ನಿಜವಾದ ಕಾರಣ ಮರೆಯಾಗುತ್ತದೆ. ಕಾರಣ ಲೆಕ್ಕದ ಘಟಕದಲ್ಲಿದೆ.

ಆಗಿನ ಕಾಸರಗೋಡು ತಾಲೂಕು ಇವತ್ತಿನದಕ್ಕಿಂತ ಬಹಳ ದೊಡ್ಡದು. ಉತ್ತರದಲ್ಲಿ ಮಂಜೇಶ್ವರ, ದಕ್ಷಿಣದಲ್ಲಿ ಹೊಸದುರ್ಗ ದಾಟಿ ನೀಲೇಶ್ವರದ ಆಚೆಯವರೆಗೆ. ನಡುವೆ ಚಂದ್ರಗಿರಿ ನದಿ. ನದಿಯ ಉತ್ತರಕ್ಕೆ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಎಲ್ಲ ಕಲಸಿದ ನಾಡು; ಶಾಲೆ, ಯಕ್ಷಗಾನ, ಜಮೀನಿನ ದಾಖಲೆ ಕನ್ನಡದಲ್ಲಿ. ದಕ್ಷಿಣಕ್ಕೆ ಹೋದಂತೆ ಮಲಯಾಳವೇ ಪ್ರಧಾನ. ಇಡೀ ತಾಲೂಕನ್ನು ಒಂದು ಚೀಲದಲ್ಲಿ ಹಾಕಿ ತೂಗಿದರೆ ಮಲಯಾಳ. ನದಿಯಲ್ಲಿ ಎರಡು ಚೀಲ ಮಾಡಿ ತೂಗಿದರೆ ಉತ್ತರದ ಚೀಲ ಹೇಗೆ ತೂಗುತ್ತದೆ ಎಂಬುದು ತುಳುವನ್ನು ಯಾವ ತಟ್ಟೆಗೆ ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ. ಆಯೋಗ ಒಂದೇ ಚೀಲ ಮಾಡಿತು.

ಪ್ರತಿಭಟನೆ ನಡೆಯಿತು, ಹರತಾಳ, ಮೆರವಣಿಗೆ, ದೆಹಲಿಗೆ ನಿಯೋಗ. ಇದರ ಮುಂದಾಳುಗಳ ಪೈಕಿ ಎಲ್ಲರಿಗೂ ಗೊತ್ತಿರುವ ಹೆಸರು ಕವಿ ಕಯ್ಯಾರ ಕಿಞ್ಞಣ್ಣ ರೈ. ಅಧ್ಯಾಪಕರಾಗಿದ್ದ ಅವರನ್ನು ನನ್ನ ಅಜ್ಜಿ ‘ಮಾಷ್ಟ್ರು’ ಎಂದೇ ಹೇಳುತ್ತಿದ್ದರು. ಕನ್ನಡಕ್ಕಾಗಿ ಜೀವಮಾನವಿಡೀ ಹೋರಾಡಿದ ರೈಗಳ ಮನೆಮಾತು ತುಳು. ಮಂಜೇಶ್ವರದ ಗೋವಿಂದ ಪೈಗಳು, 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡವರು. ಅವರ ಮನೆಮಾತು ಕೊಂಕಣಿ. ಕನ್ನಡದ ರಾಷ್ಟ್ರಕವಿ 1963ರಲ್ಲಿ ತೀರಿಕೊಂಡಾಗ ಅವರ ಊರು ಕೇರಳದಲ್ಲಿತ್ತು. ಗಣತಿಯ ಮೊದಲನೆಯ ಜಾಗವನ್ನು ಮಾತ್ರ ಓದುವವನಿಗೆ ಈ ಇಬ್ಬರೂ ಕನ್ನಡಿಗರಲ್ಲ. ಗಣತಿಯ ಲೆಕ್ಕ ಅವರನ್ನು ಕಾಣದೆ ಹೋದದ್ದು ಹೀಗೆ.

ಜನರ ಮನಸ್ಸು ಏನಿತ್ತೆಂಬುದು ಮತಪೆಟ್ಟಿಗೆಯಲ್ಲಿ ಸ್ವಲ್ಪ ಕಂಡಿತು. ಕೇರಳದ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು 1957ರಲ್ಲಿ. ಮಂಜೇಶ್ವರದಲ್ಲಿ ಕರ್ನಾಟಕದ ಪರವಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ, ಮತ್ತೆ 1967ರಲ್ಲಿ ಅಲ್ಲಿಂದ ಗೆದ್ದವರು ಕಳ್ಳಿಗೆ ಮಹಾಬಲ ಭಂಡಾರಿ. ಅವರೂ ಅದೇ ಬೇಡಿಕೆಯವರು.

ಇಲ್ಲೊಂದು ಅಡ್ಡಮಾತು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರು ಈ ದೇಶದ ಎಲ್ಲ ಕಾನೂನು ಪುಸ್ತಕಗಳಲ್ಲಿದೆ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1973ರ ಏಪ್ರಿಲ್ 24ರಂದು ಹೇಳಿದ್ದು ಅವರ ಮೊಕದ್ದಮೆಯಲ್ಲಿ. ಮಠದ ಭೂಮಿಗೆ ಕೇರಳದ ಭೂಸುಧಾರಣೆಯ ಕಾನೂನು ತಗಲಿದ್ದರಿಂದ ಅವರು ನ್ಯಾಯಾಲಯಕ್ಕೆ ಹೋದರು. ಮಠ ಇರುವುದು ಕಾಸರಗೋಡಿನ ಪಕ್ಕದಲ್ಲಿ. ಗಡಿ ಚಂದ್ರಗಿರಿಯಲ್ಲಿ ನಿಂತಿದ್ದರೆ ಆ ಮೊಕದ್ದಮೆ ಕೇರಳದ ಮೇಲೆ ಹೂಡಲ್ಪಡುತ್ತಲೇ ಇರಲಿಲ್ಲ.

ಮಹಾಜನ್ ವರದಿ ಮತ್ತು ನಮ್ಮ ಎರಡು ನಾಲಿಗೆ

1966ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಒತ್ತಾಯದ ಮೇಲೆ ಕೇಂದ್ರವು ಮೆಹರ್ ಚಂದ್ ಮಹಾಜನ್ ಆಯೋಗವನ್ನು ನೇಮಿಸಿತು. ಅವರು ಭಾರತದ ನಿವೃತ್ತ ಮುಖ್ಯ ನ್ಯಾಯಮೂರ್ತಿಗಳು. 1967ರಲ್ಲಿ ಕೊಟ್ಟ ವರದಿಯಲ್ಲಿ ಬೆಳಗಾವಿ ಮೈಸೂರು ರಾಜ್ಯದಲ್ಲೇ ಉಳಿಯಬೇಕು, ನಿಪ್ಪಾಣಿ, ಖಾನಾಪುರದ ಕಡೆಯ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ 247 ಹಳ್ಳಿಗಳು ನಮ್ಮ ಕಡೆಗೆ ಎಂದರು. ಕಾಸರಗೋಡಿನಲ್ಲಿ ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಬರಬೇಕು ಎಂದರು. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು, ಕೇರಳ ಒಪ್ಪಲಿಲ್ಲ. ವರದಿ ಕಪಾಟು ಸೇರಿತು. ನಮ್ಮ ರಾಜಕಾರಣಿಗಳ ಭಾಷಣದಲ್ಲಿ ‘ಮಹಾಜನ್ ವರದಿಯೇ ಅಂತಿಮ’ ಎಂಬ ಘೋಷಣೆಯಾಗಿ ಉಳಿಯಿತು.

ರಾಜ್ಯೋತ್ಸವದ ಸಭೆಯಲ್ಲಿ ಇದನ್ನು ಹೇಳಬಹುದೋ ಬಾರದೋ, ಹೇಳುತ್ತೇನೆ. ಬೆಳಗಾವಿಯ ಗಡಿಯಲ್ಲಿ ಮಹಾರಾಷ್ಟ್ರದ ವಾದ, ಹಳ್ಳಿಯನ್ನೇ ಘಟಕವಾಗಿ ಹಿಡಿದು ಎಣಿಸಿ ಎಂಬುದು. ಅಲ್ಲಿ ನಾವು, ಹಾಗೆ ಹಳ್ಳಿ ಹಳ್ಳಿ ಹರಿಯಲು ಹೊರಟರೆ ನಾಡು ಉಳಿಯುವುದಿಲ್ಲ, ಆಡಳಿತ, ವ್ಯಾಪಾರ, ಇತಿಹಾಸ ಎಲ್ಲವನ್ನೂ ನೋಡಬೇಕು ಎನ್ನುತ್ತೇವೆ. ಕಾಸರಗೋಡಿಗೆ ಬಂದಾಗ, ಇಡೀ ತಾಲೂಕನ್ನು ಎಣಿಸಿದ್ದು ತಪ್ಪು, ಒಡೆದು ಎಣಿಸಬೇಕಿತ್ತು ಎನ್ನುತ್ತೇವೆ. ಕೇರಳವೂ ಸಾಧುವೇನಲ್ಲ. 1956ರಲ್ಲಿ ತಮಿಳರು ಹೆಚ್ಚಿದ್ದ ತೋವಾಳ, ಅಗಸ್ತೀಶ್ವರ, ಕಲ್ಕುಳಂ, ವಿಳವಂಕೋಡು ತಾಲೂಕುಗಳನ್ನು ಮದರಾಸಿಗೆ ಬಿಟ್ಟುಕೊಟ್ಟ ಮೇಲೆ, ಉತ್ತರದಲ್ಲಿ ಸಿಕ್ಕಿದ್ದನ್ನು ಬಿಡಲು ಅದಕ್ಕೆ ಮನಸ್ಸಿರಲಿಲ್ಲ. ಯಾವ ಗಡಿಯಲ್ಲಿ ಯಾವ ಅಳತೆಗೋಲು ಲಾಭವೋ ಅದೇ ನ್ಯಾಯ ಎಂಬುದು ಎಲ್ಲ ರಾಜ್ಯಗಳ ನಡೆ.

ಗೆರೆ ಬದಲಾಗುವ ಕಾಲ ಕಳೆಯಿತೆಂದೇ ನನ್ನ ಅನಿಸಿಕೆ. 1984ರ ಮೇ 24ರಂದು ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯೇ ಆಯಿತು. 2015ರ ಆಗಸ್ಟ್ 9ರಂದು, ನೂರು ತುಂಬಿದ ಕಯ್ಯಾರರು ತೀರಿಕೊಂಡರು. ಅವರು ಬಯಸಿದ ವಿಲೀನ ಅವರ ಕಾಲದಲ್ಲಿ ಆಗಲಿಲ್ಲ. ಹಾಗಾದರೆ ಉಳಿದದ್ದೇನು? ಗೆರೆಯ ಆಚೆಗಿರುವ ಮಗು ಯಾವ ಭಾಷೆಯಲ್ಲಿ ಗಣಿತ ಕಲಿಯುತ್ತದೆ ಎಂಬ ಪ್ರಶ್ನೆ.

ತರಗತಿಯೊಳಗೆ

ಕಾಗದದ ಮೇಲೆ ಹಕ್ಕುಗಳಿಗೆ ಬರವಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ವ್ಯವಸ್ಥೆ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಇದು ಸೇರಿದ್ದು 1956ರಲ್ಲಿ, ರಾಜ್ಯ ವಿಂಗಡಣೆಯ ಜತೆಗೇ. ಗೆರೆ ಎಳೆದಾಗ ಕೆಲವರು ತಪ್ಪು ಕಡೆಗೆ ಬೀಳುತ್ತಾರೆ ಎಂಬುದು ಎಳೆದವರಿಗೂ ಗೊತ್ತಿತ್ತು. ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನಿನಲ್ಲೂ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ, ಕನ್ನಡ ಪಠ್ಯಪುಸ್ತಕಗಳಿವೆ, 1957ರಲ್ಲಿ ಸ್ಥಾಪನೆಯಾದ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಇದನ್ನು ಕೊಟ್ಟಿರುವುದು ಕೇರಳ ಸರಕಾರ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಎಡವುವುದು ನೇಮಕಾತಿಯಲ್ಲಿ. ಕನ್ನಡ ಮಾಧ್ಯಮ ಶಾಲೆಯ ಗಣಿತ ಅಥವಾ ವಿಜ್ಞಾನದ ಹುದ್ದೆಗೆ ಕನ್ನಡ ಬಾರದ, ಮಲಯಾಳ ಮಾತ್ರ ಬಲ್ಲ ಅಧ್ಯಾಪಕರು ಬಂದು ಕುಳಿತ ಪ್ರಸಂಗಗಳು ಮತ್ತೆ ಮತ್ತೆ ಆಗಿವೆ. ಆಗ ಮಕ್ಕಳು ಪುಸ್ತಕ ಕೆಳಗಿಟ್ಟು ಹೊರಗೆ ಕೂರುತ್ತಾರೆ, ಹೆತ್ತವರು ಗೇಟಿಗೆ ಬರುತ್ತಾರೆ, ಪ್ರಕರಣ ಕೋರ್ಟಿಗೆ ಹೋಗುತ್ತದೆ. ಆ ಅಧ್ಯಾಪಕರದ್ದೂ ತಪ್ಪಲ್ಲ. ಆದೇಶ ಬಂದಲ್ಲಿಗೆ ಹೋದವರು. ಆದರೆ ಏಳನೆಯ ತರಗತಿಯ ಮಗುವಿಗೆ ಭಿನ್ನರಾಶಿ ಅರ್ಥವಾಗದೆ ಹೋದ ವರ್ಷ ಮತ್ತೆ ಬರುವುದಿಲ್ಲ. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದಕ್ಕೆ ಈ ಹಳೆಯ ಅನುಭವವೇ ಕಾರಣ. 2018ರಲ್ಲಿ ಬಂದ ರಿಷಬ್ ಶೆಟ್ಟಿಯವರ ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಸಿನಿಮಾ ನೋಡಿ ನಾವೆಲ್ಲ ನಕ್ಕಿದ್ದೇವೆ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಟಾಕೀಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿದ್ದ ಮಂಜೇಶ್ವರದ ಗೆಳೆಯ ಮಾತ್ರ ಅಷ್ಟಾಗಿ ನಗಲಿಲ್ಲ.

ಇನ್ನು ‘ನಮ್ಮವರು’ ಎನ್ನುವ ನಾವು ಏನು ಮಾಡಿದೆವು? 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ದಾರಿ ಮುಚ್ಚಿದ್ದು, ಒಳರಸ್ತೆಗಳಿಗೆ ಮಣ್ಣು ಸುರಿದದ್ದು ಕರ್ನಾಟಕ. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ 50 ಕಿಲೋಮೀಟರ್ ದೂರದ ಮಂಗಳೂರು. ತಿರುವನಂತಪುರ ಅದರ ಹತ್ತು ಪಟ್ಟಿಗೂ ಹೆಚ್ಚು ದೂರ. ಗಡಿಯಲ್ಲಿ ಆಂಬುಲೆನ್ಸುಗಳು ತಿರುಗಿ ಹೋದವು, ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಗಿ ಏಪ್ರಿಲಿನಲ್ಲಿ ರೋಗಿಗಳಿಗೆ ದಾರಿ ಸಿಕ್ಕಿತು. ಆ ವಾರಗಳಲ್ಲಿ ಕಾಸರಗೋಡು ಕನ್ನಡ ನಾಡು ಎಂದು ಯಾರೂ ಘೋಷಣೆ ಕೂಗಲಿಲ್ಲ. ಸೋಂಕಿನ ಭಯ ನಿಜವೇ ಇತ್ತು. ಆದರೆ ಆ ಹೆದರಿಕೆಯಲ್ಲೂ ‘ಅವರು ಕೇರಳದವರು’ ಎಂಬ ಮಾತು ಇಲ್ಲಿ ಎಷ್ಟು ಸುಲಭವಾಗಿ ಬಾಯಿಗೆ ಬಂತು ಎಂಬುದನ್ನು ನಾನು ಕೇಳಿಸಿಕೊಂಡಿದ್ದೇನೆ.

ಮೊದಲು ಹೇಳಿದ ಸಂಖ್ಯೆಗೆ ಬರುತ್ತೇನೆ. ಬೆಲ್ಜಿಯಂನ 80 ಸಾವಿರ ಜರ್ಮನರಿಗೆ ಶಾಸನಸಭೆ ಇದೆ. 18 ಲಕ್ಷ ತುಳುವರ ಭಾಷೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಇಲ್ಲ. ಹೋಲಿಕೆ ಪೂರ್ತಿ ಸರಿಯಲ್ಲ, ಜರ್ಮನ್ ಹಿಂದೆ ದೊಡ್ಡ ದೇಶವೇ ನಿಂತಿದೆ. ಆದರೂ ಕಾಸರಗೋಡಿನ ತುಳುವರನ್ನು ಕನ್ನಡದ ತಟ್ಟೆಗೆ ಹಾಕಿ ತೂಗಬೇಕೆಂದು ವಾದಿಸಿದ ನಾವು, ನಮ್ಮದೇ ರಾಜ್ಯದಲ್ಲಿ ತುಳುವಿಗೆ ಅಕಾಡೆಮಿ ಕೊಟ್ಟದ್ದು 1994ರಲ್ಲಿ. ಅದನ್ನು ರಾಜ್ಯದ ಇನ್ನೊಂದು ಅಧಿಕೃತ ಭಾಷೆ ಮಾಡಬಹುದೇ ಎಂದು ನೋಡಲು ಮೂಡುಬಿದಿರೆಯ ಡಾ. ಮೋಹನ ಆಳ್ವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ದು 2023ರಲ್ಲಿ. ಎಣಿಸುವಾಗ ಬೇಕು, ಕೊಡುವಾಗ ನೋಡೋಣ ಎಂಬ ಧೋರಣೆಯನ್ನು ತುಳುವರು ಗಮನಿಸಿಲ್ಲ ಎಂದುಕೊಳ್ಳಬೇಡಿ. ನಾನೂ ತುಳುವಿನವ ಕುಲದಲ್ಲೇ ಹುಟ್ಟಿ, ಕನ್ನಡದಲ್ಲಿ ಬರೆದು ಸಂಬಳ ಪಡೆಯುತ್ತಿರುವ ಜೀವ.

ಈ ಕಕ್ಕಿಂಜೆಯಲ್ಲೂ ತಿರುಗುಮುರುಗಾದ ಕಾಸರಗೋಡು ಇದೆ. ಘಟ್ಟದ ಬುಡಕ್ಕೆ ಬಂದು ರಬ್ಬರು ಹಾಕಿದ ಮಲಯಾಳಿ ಕ್ರೈಸ್ತ ಕುಟುಂಬಗಳು ತಾಲೂಕಿನಲ್ಲಿ ಎಷ್ಟಿವೆಯೆಂದರೆ, 1999ರಲ್ಲಿ ಅವರ ಸೀರೋ ಮಲಬಾರ್ ಸಭೆಗೆ ಬೆಳ್ತಂಗಡಿಯೇ ಒಂದು ಧರ್ಮಪ್ರಾಂತವಾಯಿತು. ಅವರ ಮಕ್ಕಳು ಮನೆಯಲ್ಲಿ ಮಲಯಾಳ, ಆಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇವತ್ತು ಇಲ್ಲಿ ನಾಡಗೀತೆ ಹಾಡಿದ ಮಕ್ಕಳ ಸಾಲಿನಲ್ಲೂ ಅವರಿದ್ದರು ಎಂದು ಆಮೇಲೆ ತಿಳಿಯಿತು. ಹಾಡು ಕೇಳುವಾಗ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಕಂಡದ್ದು

ಕೊನೆಯದಾಗಿ, ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಹೇಗೆಂದು ಹೇಳಿ ಮುಗಿಸುತ್ತೇನೆ. ಡಿಪ್ಲೊಮಾ ಮುಗಿಸಿ ಪತ್ರಿಕೆ ಸೇರಿದ ಹೊಸತು. ಒಂದು ವರದಿಗಾಗಿ ಮಂಗಳೂರಿನಿಂದ ಕಾಸರಗೋಡಿಗೆ ಹೊರಟಿದ್ದೆ. ಆ ದಾರಿಯಲ್ಲಿ ಎರಡೂ ರಾಜ್ಯಗಳ ಸರಕಾರಿ ಬಸ್ಸು ಓಡುತ್ತವೆ, ಎರಡರ ಮೇಲೂ ಕೆಎಸ್‌ಆರ್‌ಟಿಸಿ ಎಂದೇ ಬರೆದಿರುತ್ತದೆ. ಆ ಐದಕ್ಷರ ಯಾರ ಸ್ವತ್ತೆಂದು ಎರಡು ರಾಜ್ಯಗಳು ವ್ಯಾಜ್ಯವನ್ನೂ ಆಡಿದವು. ನಾನು ಹತ್ತಿದ್ದು ಯಾವ ರಾಜ್ಯದ್ದೆಂದು ಈಗ ನೆನಪಿಲ್ಲ.

ನನ್ನ ಮುಂದಿನ ಸೀಟಿನಲ್ಲಿ ಎಂಬತ್ತರ ಆಸುಪಾಸಿನ ಅಜ್ಜ. ಜೇಬಿನಿಂದ ಒಂದು ಕಾಗದ ತೆಗೆದು, ತಿರುಗಿಸಿ ಮುರುಗಿಸಿ ನೋಡಿ, ಪಕ್ಕದಲ್ಲಿದ್ದ ಹುಡುಗಿಗೆ ಕೊಟ್ಟು ‘ಇದರಲ್ಲಿ ಏನುಂಟು ಮಗಾ, ಸ್ವಲ್ಪ ಓದು’ ಎಂದು ತುಳುವಿನಲ್ಲಿ ಕೇಳಿದರು. ಕಚೇರಿಯೊಂದರಿಂದ ಬಂದ ನೋಟೀಸು, ಪೂರ್ತಿ ಮಲಯಾಳದಲ್ಲಿ. ಹುಡುಗಿ ಮಲಯಾಳ ಓದಿ ತುಳುವಿನಲ್ಲಿ ಹೇಳಿದಳು: ಪಿಂಚಣಿ ಮುಂದುವರಿಯಬೇಕಾದರೆ ಬದುಕಿರುವುದಕ್ಕೆ ಆಧಾರ ತೋರಿಸಿ ದಾಖಲೆ ಮಾಡಿಸಬೇಕು, ಅದಕ್ಕೆ ಇಂಥ ದಿನಾಂಕ ಕಡೆ. ದಿನಾಂಕ ಕಳೆದು ನಾಲ್ಕು ದಿನವಾಗಿತ್ತು. ‘ಬಂದು ಮೂರು ವಾರ ಆಯಿತು. ಕನ್ನಡದಲ್ಲಿದ್ದರೆ ನಾನೇ ಓದುತ್ತಿದ್ದೆ. ಮಗ ಗಲ್ಫಿನಲ್ಲಿದ್ದಾನೆ’ ಎಂದರು ಅಜ್ಜ. ಕಾಗದವನ್ನು ಮಡಚಿ ಒಳಗಿಟ್ಟುಕೊಂಡು ಕುಂಬಳೆಯಲ್ಲಿ ಇಳಿದರು. 1969ರ ಆ ಕಾನೂನು ಅವರಿಗೆ ಗೊತ್ತಿರಲಿಲ್ಲ. ವರದಿಗಾರನ ಚೀಲ ಹೆಗಲಿಗೆ ಹಾಕಿಕೊಂಡಿದ್ದ ನನಗೂ ಆ ದಿನ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬಸ್ಸಿನಲ್ಲೇ ಎರಡು ಸಾಲು ಕನ್ನಡದಲ್ಲಿ ಅರ್ಜಿ ಬರೆದುಕೊಡಬಹುದಿತ್ತು.

ಆ ಹುಡುಗಿಯನ್ನು ಮಾತನಾಡಿಸಿದೆ. ಕನ್ನಡ ಮಾಧ್ಯಮದಲ್ಲಿ ಓದಿದವಳು, ಅಧ್ಯಾಪಕ ತರಬೇತಿಯಲ್ಲಿದ್ದಳು. ಊರಿನ ಕನ್ನಡ ಶಾಲೆಯಲ್ಲೇ ಕೆಲಸ ಸಿಗಬಹುದೆಂಬ ಆಸೆ. ಮಲಯಾಳವನ್ನು ಗೆಳತಿಯರಿಂದ ಕಲಿತಳಂತೆ. ‘ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ, ಅದರಲ್ಲಿ ಒಳ್ಳೆಯ ಕಥೆಗಳಿವೆ’ ಎಂದಳು. ನಾನು ಪತ್ರಿಕೆಯ ಹೆಸರು ಹೇಳಿದಾಗ ಅವಳು ಒಂದು ಪ್ರಶ್ನೆ ಕೇಳಿದಳು: ‘ನಮ್ಮ ಶಾಲೆಯ ಸುದ್ದಿ ಹಾಕುತ್ತೀರಿ, ಸರಿ. ಅದನ್ನು ಬೆಳ್ತಂಗಡಿಯವರು ಓದುವ ಪುಟದಲ್ಲಿ ಹಾಕುತ್ತೀರಾ?’

ಹಾಕುವುದಿಲ್ಲ ಎಂದೆ. ಕಾಸರಗೋಡಿನ ಸುದ್ದಿ ಕಾಸರಗೋಡಿನ ಪುಟಕ್ಕೆ, ಬೆಳ್ತಂಗಡಿಯ ಸುದ್ದಿ ಬೆಳ್ತಂಗಡಿಯ ಪುಟಕ್ಕೆ. ಪತ್ರಿಕೆಯ ಏರ್ಪಾಡೇ ಹಾಗೆ. ಅವಳು ‘ಹಾಗಾದರೆ ನೀವೂ ಗಡಿ ಎಳೆದಿದ್ದೀರಿ’ ಎಂದು ನಕ್ಕು, ಕಾಸರಗೋಡಿನ ಹೊಸ ಬಸ್‌ನಿಲ್ದಾಣದಲ್ಲಿ ಇಳಿದು ಹೋದಳು.

ಈ ವ್ಯವಸ್ಥಾಪಕರು ‘ಕನ್ನಡದ ಹಿರಿಮೆ’ ಎಂದರೂ ನಾನು ಬೆಳ್ತಂಗಡಿ ತಾಲೂಕಿನಲ್ಲಿ ನಿಂತು ಕಾಸರಗೋಡಿನ ಮಾತು ಆಡಿದ್ದು ಆ ಕಾರಣಕ್ಕೆ. ಪ್ರಶ್ನೆಗಳಿದ್ದರೆ ಕೇಳಿ. ಯಾವ ಭಾಷೆಯಲ್ಲಾದರೂ ಆಗಬಹುದು. ಮಲಯಾಳವಾದರೆ ಮಾತ್ರ ಸ್ವಲ್ಪ ನಿಧಾನವಾಗಿ.